ವ್ಯಾಪಾರ ಪತ್ರಗಳ ಇಂಗ್ಲಿಷ್: ಬಿಟ್ಟುಕೊಡುವುದು ಯಾವುದನ್ನು?

ಸರಕಿನ ಬಗ್ಗೆ ದೂರು ಬಂದಾಗ, ಬಾಕಿ ಪಾವತಿಗೆ ಕಾಲಾವಕಾಶ ಕೋರಿದಾಗ ವರ್ತಕರು ಒಂದಷ್ಟು ಬಿಟ್ಟುಕೊಟ್ಟೇ ಉತ್ತರ ಬರೆಯಬೇಕಾಗುತ್ತದೆ. ಕನ್ನಡದಲ್ಲಿ ‘ಒಪ್ಪಿದ್ದೇವೆ’ ಎಂಬ ಒಂದು ಮಾತು ಸಾಕು. ಇಂಗ್ಲಿಷಿನಲ್ಲಾದರೋ ಬಿಟ್ಟುಕೊಟ್ಟದ್ದು ಹಟವನ್ನೋ, ವಾದವನ್ನೋ, ಹಕ್ಕನ್ನೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ನೂಲಿನ ಬಣ್ಣ ಮಾದರಿಗೆ ಹೊಂದುವುದಿಲ್ಲವೆಂದು ಖರೀದಿದಾರರೊಬ್ಬರು ಶೇ. 5ರಷ್ಟು ಸೋಡಿ ಕೇಳಿದ್ದಾರೆನ್ನೋಣ. ದೋಷವಿಲ್ಲವೆಂಬ ನಂಬಿಕೆಯಿದ್ದರೂ ಹಳೆಯ ಗಿರಾಕಿಯೆಂದು ಸೋಡಿ ಕೊಡಲು ಮಾರಾಟಗಾರರು ಸಿದ್ಧರಿದ್ದಾರೆ. ಆಗ ‘ವಿ ಅಕ್ಸೀಡ್ ಟು ಯುವರ್ ರಿಕ್ವೆಸ್ಟ್’ ಎಂದು ಬರೆದರೆ ಕೋರಿಕೆಯನ್ನು ಮನ್ನಿಸಿದಂತಾಯಿತು, ಅಷ್ಟೇ. ‘ವಿ ಕನ್ಸೀಡ್ ಯುವರ್ ಕ್ಲೇಮ್’ ಎಂದು ಬರೆದರೆ ಎದುರಿನವರ ವಾದವೇ ಸರಿ, ಬಣ್ಣದಲ್ಲಿ ದೋಷವಿದೆ ಎಂದು ಒಪ್ಪಿಕೊಂಡಂತೆ. ವ್ಯಾಜ್ಯ ಬೆಳೆದಲ್ಲಿ ಆ ಕಾಗದವೇ ಸಾಕ್ಷ್ಯವಾದೀತು. ಚುನಾವಣೆಯಲ್ಲಿ ಸೋಲೊಪ್ಪಿಕೊಳ್ಳುವ ಅಭ್ಯರ್ಥಿಗೆ ಸಲ್ಲುವ ಪದವೂ ‘ಕನ್ಸೀಡ್’ ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಅದೇ ಮೂಲದ ‘ಕನ್ಸೆಷನ್’ ರಿಯಾಯಿತಿ ಎಂಬ ಅರ್ಥದಲ್ಲಿ ರೂಢಿಯಾಗಿರುವುದೇ ಗೊಂದಲಕ್ಕೆ ಕಾರಣವಿರಬೇಕು. ‘ಅಕ್ಸೀಡ್’ ಪದದ ಮುಂದೆ ‘ಟು’ ಬಿಡುವಂತಿಲ್ಲ. ಮಿತಿ ಮೀರುವುದನ್ನು ಹೇಳುವ ‘ಎಕ್ಸೀಡ್’ ಬೇರೆಯೇ ಪದ. ವಾಸ್ತವವಾಗಿ ದಿನನಿತ್ಯದ ಪತ್ರಕ್ಕೆ ‘ಅಗ್ರೀ ಟು’ ಎಂಬುದೇ ಲೇಸು.

‘ಯೀಲ್ಡ್’ ಎಂದರೆ ಒತ್ತಡಕ್ಕೆ ಮಣಿಯುವುದು. ಹೊಲದ ಇಳುವರಿಗೂ ಇದೇ ಪದ. ಒತ್ತಡವಿತ್ತೆಂದು ತಾವಾಗಿಯೇ ಬರೆದುಕೊಡುವ ಅಗತ್ಯ ಯಾರಿಗೂ ಇರದು.

‘ವೇವ್’ ಎಂಬುದು ಹಕ್ಕನ್ನು ತಿಳಿದೂ ಕೈಬಿಡುವುದು, ಅಂದರೆ ಮನ್ನಾ. ತಡವಾದ ಪಾವತಿಯ ಬಡ್ಡಿಗೆ ಈ ಪದ ಸಲ್ಲುತ್ತದೆ. ಭಾರತೀಯ ಕರಾರು ಅಧಿನಿಯಮ, 1872ರ 63ನೆಯ ಕಲಮಿನಂತೆ ಪ್ರತಿಫಲ ಪಡೆಯದೆ ಮಾಡಿದ ಮನ್ನಾ ಕೂಡ ಮನ್ನಾವೇ. ಆದ್ದರಿಂದ ಯಾವ ಬಿಲ್ಲು, ಯಾವ ದಿನಾಂಕದವರೆಗಿನ ಬಡ್ಡಿ ಎಂಬುದನ್ನು ನಮೂದಿಸದೆ ‘ವಿ ವೇವ್ ದಿ ಇಂಟರೆಸ್ಟ್’ ಎಂದಷ್ಟೇ ಬರೆಯುವುದು ಸಲ್ಲದು.

‘ಸರೆಂಡರ್’ ಪದವನ್ನು ರಫ್ತುದಾರರು ಬಲ್ಲರು. ಬಿಲ್ ಆಫ್ ಲೇಡಿಂಗ್‌ನ ಮೂಲ ಪ್ರತಿಗಳನ್ನು ಹಡಗು ಕಂಪನಿಗೆ ಇಲ್ಲಿಯೇ ಒಪ್ಪಿಸಿಬಿಟ್ಟರೆ, ಆಚೆಯ ಬಂದರಿನಲ್ಲಿ ಖರೀದಿದಾರರು ಮೂಲ ಪ್ರತಿ ತೋರಿಸದೆಯೇ ಸರಕು ಬಿಡಿಸಿಕೊಳ್ಳಬಹುದು. ಹಣ ಬರುವ ಮೊದಲೇ ಹೀಗೆ ಮಾಡಿದವರ ಕೈಯಲ್ಲಿ ಹಿಡಿತವೇನೂ ಉಳಿಯುವುದಿಲ್ಲ.

ರಾಜಿ ಮಾತುಕತೆಯ ಪತ್ರಗಳ ತಲೆಯಲ್ಲಿ ‘ವಿದೌಟ್ ಪ್ರೆಜುಡಿಸ್’ ಎಂದು ಬರೆಯುವ ಪದ್ಧತಿಗೆ ಕಾನೂನಿನ ಆಧಾರವಿದೆ. ಸಾಕ್ಷ್ಯವಾಗಿ ಬಳಸಬಾರದೆಂಬ ಷರತ್ತಿನೊಡನೆ ಮಾಡಿದ ಒಪ್ಪಿಗೆಯನ್ನು ಸಿವಿಲ್ ದಾವೆಯಲ್ಲಿ ಪರಿಗಣಿಸಬಾರದೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಆದರೆ ಮಾತುಕತೆಯೇ ಇಲ್ಲದ ಸಾಧಾರಣ ಪತ್ರಕ್ಕೆ ಆ ಎರಡು ಪದಗಳ ಮೊಹರು ಒತ್ತಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಅಂಥಲ್ಲಿ ‘ವಿದೌಟ್ ಅಡ್ಮಿಟಿಂಗ್ ಎನಿ ಡಿಫೆಕ್ಟ್’, ಅಂದರೆ ದೋಷವನ್ನು ಒಪ್ಪಿಕೊಳ್ಳದೆ, ಎಂದು ಆರಂಭಿಸಿ ಅನಂತರ ಸೋಡಿಯ ಮಾತು ಬರೆಯಬೇಕು.