ಇಮೇಲ್ ಶೋಧಕಕ್ಕೂ ಕಾವಲು ಬೇಕು

ಪಣಂಬೂರಿನ ಹಡಗು ಏಜೆಂಟರಿಗೂ ಗೇರುಬೀಜ ರಫ್ತು ಮಾಡುವ ಮಂಗಳೂರಿನ ವರ್ತಕರಿಗೂ ದಿನಂಪ್ರತಿ ಪರದೇಶಗಳಿಂದ ಬರುವ ಇಮೇಲುಗಳಲ್ಲಿ ಇನ್‌ವಾಯ್ಸು, ಬಿಲ್ ಆಫ್ ಲೇಡಿಂಗ್ ಮೊದಲಾದ ಲಗತ್ತುಗಳು ಇದ್ದೇ ಇರುವುದರಿಂದ, ಅಪರಿಚಿತರ ಪತ್ರವನ್ನು ತೆರೆಯಬೇಡಿರೆಂಬ ಉಪದೇಶ ಅವರ ಪಾಲಿಗೆ ನಿರುಪಯುಕ್ತ. ಅವರು ನೆಚ್ಚಿರುವುದು ಸ್ಪ್ಯಾಮ್, ವೈರಸ್‌ಗಳನ್ನು ಮೊದಲೇ ಸೋಸುವ ತಂತ್ರಾಂಶವನ್ನು. ಆದರೆ ಬಂದ ಲಗತ್ತನ್ನೆಲ್ಲ ಬಿಚ್ಚಿ ನೋಡಲೇಬೇಕಾದ ಆ ಶೋಧಕವೇ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ವಿಷವನ್ನು ಮುಟ್ಟುತ್ತದೆ.

2023ರ ಮೇ ತಿಂಗಳಿನಲ್ಲಿ ಬೆಳಕಿಗೆ ಬಂದ, ಬರಾಕುಡಾ ಎಂಬ ಸೈಬರ್ ಭದ್ರತಾ ಸಂಸ್ಥೆಯ ಪ್ರಕರಣ ಇದಕ್ಕೆ ನಿದರ್ಶನ. ಆ ಸಂಸ್ಥೆಯ ಇಮೇಲ್ ಸೆಕ್ಯುರಿಟಿ ಗೇಟ್‌ವೇ ಯಂತ್ರವು ಹಲವು ಫೈಲುಗಳನ್ನು ಒಂದಾಗಿ ಕಟ್ಟುವ ಟಾರ್ (.tar) ಮಾದರಿಯ ಕಟ್ಟನ್ನು ಪರೀಕ್ಷಿಸುವಾಗ ಅದರೊಳಗಿನ ಫೈಲುಗಳ ಹೆಸರನ್ನು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲವಾಗಿ, ಆ ಹೆಸರಿನಲ್ಲಿ ಹುದುಗಿಸಿದ ಆಜ್ಞೆಯನ್ನು ತನ್ನದೇ ಆಜ್ಞೆಯೆಂಬಂತೆ ನೆರವೇರಿಸುತ್ತಿತ್ತು. ಯಾರೂ ಪತ್ರವನ್ನು ತೆರೆಯಬೇಕಾಗಿರಲಿಲ್ಲ, ಲಿಂಕನ್ನು ಒತ್ತಬೇಕಾಗಿರಲಿಲ್ಲ. ಮೇ 20ರಂದು ಪ್ಯಾಚ್ ಬಂದಿತು. ಆದರೆ 2022ರ ಅಕ್ಟೋಬರಿನಿಂದಲೇ ಈ ದಾರಿಯಲ್ಲಿ ನುಸುಳಿದ್ದವರು ಒಳಗೆ ಬೇರೂರಿದ್ದುದರಿಂದ, ಪ್ಯಾಚ್ ಹಾಕಿದ್ದರೂ ಬಾಧಿತ ಯಂತ್ರವನ್ನೇ ಬದಲಾಯಿಸಿರೆಂದು ಜೂನ್ 6ರಂದು ಸಂಸ್ಥೆಯೇ ಹೇಳಬೇಕಾಯಿತು.

ಇನ್ನು ಮಾಡತಕ್ಕ ಕೆಲಸಗಳು. ಮೊದಲು, ನಿಮ್ಮ ಕಚೇರಿಯ ಇಮೇಲನ್ನು ಶೋಧಿಸುವ ತಂತ್ರಾಂಶ ಯಾವುದು, ಅದರ ಆವೃತ್ತಿ ಯಾವುದು, ಪ್ಯಾಚ್ ಹಾಕುವ ಹೊಣೆ ಯಾರದು ಎಂಬುದನ್ನು ಬರೆದಿಡಿ. ಯಂತ್ರವನ್ನು ಕೂರಿಸಿದವನು ಹೊರಟುಹೋದ ಮೇಲೆ ಈ ಮೂರೂ ಯಾರಿಗೂ ತಿಳಿಯದಿರುವುದೇ ಸಾಮಾನ್ಯ. ತಯಾರಕರ ಮತ್ತು ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್‌ನ ಎಚ್ಚರಿಕೆಗಳನ್ನು ವಾರಕ್ಕೊಮ್ಮೆಯಾದರೂ ಓದಿ.

ಎರಡನೆಯದಾಗಿ, ಶೋಧಕವನ್ನು ರೂಟ್ ಅಧಿಕಾರದಲ್ಲಿ, ಎಂದರೆ ಯಂತ್ರದ ಸರ್ವಾಧಿಕಾರ ಕೊಟ್ಟು, ನಡೆಸಬೇಡಿ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಸ್ಪ್ಯಾಮ್ ಶೋಧಕವನ್ನು ಮೇಲ್ ಸರ್ವರಿಗೆ ಜೋಡಿಸುವ ಒಂದು ತಂತ್ರಾಂಶದಲ್ಲಿ 2010ರಲ್ಲಿ ಕಂಡ ದೋಷದಿಂದ, ಒಂದು ನಿರ್ದಿಷ್ಟ ಆಯ್ಕೆ ಚಾಲನೆಯಲ್ಲಿದ್ದರೆ, ಸ್ವೀಕರಿಸುವವರ ವಿಳಾಸದೊಳಗೇ ಆಜ್ಞೆಯನ್ನು ಅಡಗಿಸಿ ಕಳುಹಿಸಬಹುದಾಗಿತ್ತು. ಅದು ರೂಟ್ ಆಗಿ ನಡೆಯುತ್ತಿದ್ದಲ್ಲಿ ಇಡೀ ಸರ್ವರು ಪರರ ವಶ.

ಮೂರನೆಯದು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದುದು, ಅತಿ ಉಪೇಕ್ಷಿತವಾದುದೂ ಹೌದು. ಒಳಬರುವುದನ್ನು ತಡೆಯುವ ಫೈರ್‌ವಾಲಿನಲ್ಲಿ ಶೋಧಕ ಯಂತ್ರದಿಂದ ಹೊರಹೋಗುವುದನ್ನೂ ಕಟ್ಟಿಹಾಕಿ: ಮೇಲ್ ರವಾನೆಯ 25ನೆಯ ಪೋರ್ಟು, ಡಿಎನ್‌ಎಸ್, ತಯಾರಕರ ಅಪ್‌ಡೇಟ್ ಸರ್ವರು, ಇಷ್ಟಕ್ಕೆ ಮಾತ್ರ ಅನುಮತಿ ಸಾಕು. ಬರಾಕುಡಾ ಯಂತ್ರಗಳಲ್ಲಿ ನುಸುಳಿದ ಆಜ್ಞೆಯು ವೈರಿಯ ಸರ್ವರಿಗೆ ಒಳಗಿನಿಂದಲೇ ಸಂಪರ್ಕವನ್ನು ಕಲ್ಪಿಸಿಕೊಟ್ಟಿತ್ತು. ಆಡಳಿತದ ಲಾಗಿನ್ ಪುಟವೂ ಇಂಟರ್ನೆಟ್ಟಿಗೆ ತೆರೆದಿರಬಾರದು.

ನಾಲ್ಕನೆಯದಾಗಿ, ಯಂತ್ರದ ಚಟುವಟಿಕೆಯ ದಾಖಲೆಗಳಾದ ಲಾಗ್‌ಗಳನ್ನು ಬೇರೊಂದು ಯಂತ್ರದಲ್ಲಿ ಕೂಡಿಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ 180 ದಿನಗಳ ಲಾಗ್ ಇರತಕ್ಕದ್ದು.

ನುಸುಳಿರುವ ಸಂಶಯ ಬಂದರೆ ಯಂತ್ರವನ್ನು ಆರಿಸದೆ, ಸಾಕ್ಷ್ಯ ಅಳಿಯದಂತೆ, ನೆಟ್‌ವರ್ಕಿನ ಕೇಬಲನ್ನು ಮಾತ್ರ ಕಳಚಿ. ಆ ಯಂತ್ರಕ್ಕೆ ತಿಳಿದಿದ್ದ ಪಾಸ್‌ವರ್ಡುಗಳನ್ನೂ ಸರ್ಟಿಫಿಕೇಟುಗಳನ್ನೂ ಬೇರೆ ಕಂಪ್ಯೂಟರಿನಿಂದ ಬದಲಾಯಿಸಿ. ವಿಷಯ ತಿಳಿದ 6 ಗಂಟೆಗಳೊಳಗೆ ಸರ್ಟ್-ಇನ್‌ಗೆ, 1800-11-4949ಕ್ಕೆ, ವರದಿ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೂ ಕರೆಮಾಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಗರದ ಸೆನ್ (CEN) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.