ಆಹಾರವ್ರತವೂ ಸ್ಥಲಕ್ರಮವೂ

ಸಿದ್ಧಾಂತಶಿಖಾಮಣಿಯು ಧರ್ಮದ ಸಾರವನ್ನು ಹತ್ತು ಗುಣಗಳಲ್ಲಿ ಸಂಗ್ರಹಿಸುವ ಸಂದರ್ಭವೊಂದುಂಟು. ಅಹಿಂಸೆಯಿಂದ ಮೊದಲಾಗಿ ಧ್ಯಾನದಲ್ಲಿ ಮುಗಿಯುವ ಆ ಎಣಿಕೆಯಲ್ಲಿ ಅಹಿಂಸೆಯನ್ನು ಹೇಳಿದ ಮೇಲೆಯೂ ದಯೆಯನ್ನು ಬೇರೆಯಾಗಿ ಹೇಳಿದೆ. ಇಲ್ಲಿ ಶಂಕೆಯೊಂದು ಹುಟ್ಟುವುದು ಸಹಜ. ಹಿಂಸಿಸದವನು ದಯಾವಂತನೇ ಆಗಿರುವಾಗ ಒಂದೇ ಗುಣವನ್ನು ಎರಡು ಸಲ ಎಣಿಸುವುದೇಕೆ? ಶಾಸ್ತ್ರಕಾರರು ಒಂದಕ್ಷರವನ್ನೂ ವ್ಯರ್ಥವಾಗಿ ಬಳಸುವವರಲ್ಲ. ಅಹಿಂಸೆಯೆಂಬುದು ನಞ್‌ಸಮಾಸ, ಮಾಡದಿರುವಿಕೆಯೇ ಅದರ ಅರ್ಥ. ಬಾಗಿಲ ಮುಂದೆ ಬಿದ್ದಿರುವ ಕಲ್ಲೂ ಯಾರನ್ನೂ ಹಿಂಸಿಸದು. ಆದರೆ ಅದನ್ನು ದಯಾಳುವೆಂದು ಯಾರೂ ಕರೆಯರು. ದಯೆಯ ಧಾತುವಿಗಾದರೋ ಕೊಡುವುದು, ಚಲಿಸುವುದು, ಕಾಯುವುದು ಮುಂತಾದ ಅರ್ಥಗಳನ್ನು ವೈಯಾಕರಣರು ಹೇಳಿದ್ದಾರೆ. ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಅಹಿಂಸೆ. ಅದೇ ಕೈಯನ್ನು ಮುಂದಕ್ಕೆ ಚಾಚುವುದು ದಯೆ. ಆಹಾರದಲ್ಲಿ ಅಹಿಂಸೆಯನ್ನು ಹಿಡಿದವನು ಅಲ್ಲಿಂದ ಹೊರಟು ದಯೆಯನ್ನು ಮುಟ್ಟುವುದಕ್ಕೆ ಎಷ್ಟು ಕಾಲ ಬೇಕು? ಷಟ್‌ಸ್ಥಲದ ಬೆಳಕಿನಲ್ಲಿ ನೋಡಿದರೆ ಒಂದು ಆಯುಷ್ಯವೇ ಬೇಕಾಗುವುದೆಂದು ತೋರುತ್ತದೆ.

ಈ ವಿಚಾರವನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಸದ್ಭಕ್ತರ ಮನೆಗಳಲ್ಲಿ ಓದಿದ ತರುಣ ತರುಣಿಯರು ಕೆಲವರು ಹಾಲು, ಮೊಸರು, ತುಪ್ಪ, ಜೇನುಗಳನ್ನೂ ಬಿಡುತ್ತಿದ್ದಾರೆ. ತೊಗಲನ್ನೂ ರೇಷ್ಮೆಯನ್ನೂ ಧರಿಸರು. ಇಂತಹವರಿಗೆ ವೀಗನ್ ಎಂದು ಹೆಸರು. ಆ ಹೆಸರು ಹುಟ್ಟಿದ್ದು ೧೯೪೪ರಲ್ಲಿ, ಇಂಗ್ಲೆಂಡಿನಲ್ಲಿ. ಅದರ ಪ್ರವರ್ತಕರಾದ ಡೊನಾಲ್ಡ್ ವಾಟ್ಸನ್ ಎಂಬವರು ಮಕ್ಕಳಿಗೆ ಮರಗೆಲಸವನ್ನು ಕಲಿಸುವ ಉಪಾಧ್ಯಾಯರಾಗಿದ್ದರು. ಬಾಲ್ಯದಲ್ಲಿ ಬಂಧುಗಳ ಹೊಲಮನೆಯಲ್ಲಿ ಹಂದಿಯೊಂದನ್ನು ಕೊಂದುದನ್ನು ಕಂಡು, ೧೪ನೆಯ ವಯಸ್ಸಿನಲ್ಲಿ ಅವರು ಮಾಂಸವನ್ನು ತ್ಯಜಿಸಿದರು. ಹಾಲನ್ನು ತ್ಯಜಿಸುವುದಕ್ಕೆ ಅಲ್ಲಿಂದ ಮುಂದೆ ಸುಮಾರು ಎರಡು ದಶಕಗಳು ಹಿಡಿದವು. ಅನಂತರ ಆ ನಿಯಮದಲ್ಲಿಯೇ ಬಾಳಿ ೨೦೦೫ರಲ್ಲಿ, ೯೫ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಣ್ಣಿಗೆ ಬಿದ್ದ ಹಿಂಸೆಯಿಂದ ಕಣ್ಣಿಗೆ ಬೀಳದ ಹಿಂಸೆಯವರೆಗೆ ನಡೆಯುವ ದಾರಿ ಅಷ್ಟು ಉದ್ದ. ನಮ್ಮ ಮನೆಗಳಲ್ಲಿಯಾದರೋ ಹಿರಿಯರು ಇದನ್ನು ಹೊಸ ಹುಚ್ಚೆನ್ನುತ್ತಾರೆ. ಕಿರಿಯರು ಹಿರಿಯರ ಸಸ್ಯಾಹಾರವನ್ನು ಅರೆಬರೆಯೆನ್ನುತ್ತಾರೆ. ಒಲೆಯ ಮೇಲೆ ಪಾತ್ರೆಗಳು ಬೇರೆಯಾದರೆ ಕೇಡಿಲ್ಲ. ಪಂಕ್ತಿಯಲ್ಲಿ ಮನಸ್ಸುಗಳು ಬೇರೆಯಾಗತೊಡಗಿರುವುದು ಚಿಂತೆಯ ವಿಷಯ.

ಭಕ್ತಸ್ಥಲಕ್ಕೆ ಶ್ರದ್ಧೆಯೇ ಲಕ್ಷಣ. ವೀರಶೈವ ಕುಟುಂಬದ ಕೂಸಿಗೆ ತೊಟ್ಟಿಲಿನಲ್ಲಿಯೇ ಲಿಂಗಧಾರಣೆಯಾಗುತ್ತದೆ. ಕೂಸು ಲಿಂಗವನ್ನರಿಯದು, ಲಿಂಗವು ಮಾತ್ರ ಕೂಸಿನ ಮೈಮೇಲಿರುತ್ತದೆ. ಮುಂದೆ ಗುರುವಿನಿಂದ ದೀಕ್ಷೆ ಪಡೆದು, ತಾನೇ ಕೈಯಲ್ಲಿ ಹಿಡಿದು ನೋಡಿದಂದು ಅದು ಅವನದಾಗುತ್ತದೆ. ಶಾಕಾಹಾರದ ಗತಿಯೂ ಇದೇ. ಹುಟ್ಟಿದ ಮನೆಯಲ್ಲಿ ಮಾಂಸ ಬೇಯಲಿಲ್ಲವಾದ್ದರಿಂದ ತಿನ್ನಲಿಲ್ಲ, ಇದು ಕುಲಾಚಾರ. ಇದನ್ನು ಕೀಳೆನ್ನಲಾಗದು. ನೂರಾರು ವರ್ಷ ಅಡಿಗೆಮನೆಯನ್ನು ಕಾಯ್ದುಕೊಂಡು ಬಂದ ಅಜ್ಜಿಯರ ಋಣ ಅದರಲ್ಲಿದೆ. ಆದರೆ ಬಿಡಬೇಕೆಂಬ ಆಸೆಯನ್ನೇ ಎದುರಿಸದವನು ಬಿಟ್ಟೆನೆಂದು ಹೇಳಿಕೊಳ್ಳಲಾರನು. ಪರಸ್ಥಳದ ವಿದ್ಯಾರ್ಥಿನಿಲಯದಲ್ಲಿಯೋ ಉದ್ಯೋಗದ ಊರಿನಲ್ಲಿಯೋ ಗೆಳೆಯರ ನಡುವೆ ಕುಳಿತು, ಯಾರೂ ತಡೆಯದಿರುವಾಗಲೂ ತಾನಾಗಿ ಬೇಡವೆಂದಾಗ ಕುಲಾಚಾರವು ಶ್ರದ್ಧೆಯಾಗಿ ಮಾರ್ಪಡುತ್ತದೆ. ವ್ರತದ ಜನ್ಮದಿನ ಅದು.

ಈಗ ಹಾಲಿನ ವಿಷಯ. ಶರಣರು ಹಾಲನ್ನು ಬಿಟ್ಟಿದ್ದರೆಂದು ಹೇಳುವುದು ಸತ್ಯಕ್ಕೆ ಅಪಚಾರ. ಕಲ್ಯಾಣದ ಕಾಲದಲ್ಲಿ ಹಟ್ಟಿಯ ಹೆಣ್ಣುಕರು ಬೆಳೆದು ಆಕಳಾಗುತ್ತಿತ್ತು. ಹೋರಿಗರು ಎತ್ತಾಗಿ ನೇಗಿಲು, ಬಂಡಿ, ಗಾಣಗಳನ್ನು ಎಳೆಯುತ್ತಿತ್ತು. ಕರು ಕುಡಿದು ಉಳಿದುದು ಮನೆಗೆ ಎಂಬ ನಡವಳಿಕೆ ಒಕ್ಕಲು ಮನೆತನಗಳಲ್ಲಿ ಇತ್ತು. ೧೯೭೦ರಲ್ಲಿ ಆರಂಭವಾದ ಕ್ಷೀರಕ್ರಾಂತಿಯಿಂದ ಹಾಲು ಹಳ್ಳಿಹಳ್ಳಿಯ ಸಂಘದ ಕ್ಯಾನುಗಳಿಗೆ ಹರಿಯಿತು. ಸಣ್ಣ ಹಿಡುವಳಿಯ ಎಷ್ಟೋ ಹೆಣ್ಣುಮಕ್ಕಳ ಕೈಗೆ ಅದರಿಂದ ಎರಡು ಕಾಸು ಬಂದುದು ಅಲ್ಲಗಳೆಯಲಾಗದ ಉಪಕಾರ. ಆದರೆ ಆಕಳು ಈಯದೆ ಹಾಲಿಲ್ಲ. ಒಂಬತ್ತು ತಿಂಗಳಿಗೂ ಮಿಕ್ಕಿ ಹೊತ್ತು ಈದಾಗ ಹುಟ್ಟಿದ್ದು ಹೋರಿಗರುವಾದರೆ, ಟ್ರ್ಯಾಕ್ಟರು ಬಂದ ಹೊಲದಲ್ಲಿ ಅದಕ್ಕೆ ಕೆಲಸವೆಲ್ಲಿದೆ? ತಾಯಿಯ ಹಾಲಿಗೆ ಬೆಲೆ ಬಂದಿದೆ. ಗಂಡುಕರುವಿಗೆ ಬೆಲೆ ಹೋಗಿದೆ. ಹಬ್ಬದ ಬಲಿಗೆಂದು ತಂದ ಪ್ರಾಣಿಯು ತನ್ನ ಸಾವನ್ನರಿಯದೆ ಎಲೆ ಮೇಯುತ್ತಿರುವುದನ್ನು ಕಂಡು ಮರುಗಿದ ಬಸವಣ್ಣನವರ ವಚನ ಸರ್ವವಿದಿತವಾದುದು. ಆ ದೃಷ್ಟಿಯುಳ್ಳವರು ಇಂದಿನ ಹಟ್ಟಿಯ ಮೂಲೆಯಲ್ಲಿ ಕಟ್ಟಿದ ಗಂಡುಕರುವನ್ನು ನೋಡದೆ ಹೋಗುತ್ತಿದ್ದರೇ? ಹಾಲನ್ನು ಬಿಟ್ಟ ತರುಣನ ಪ್ರಶ್ನೆ ಇದು. ಇದನ್ನು ಹುಚ್ಚೆಂದು ತಳ್ಳುವುದು ಹಿರಿಯರಿಗೆ ಶೋಭಿಸದು. ಹಾಲು ಬಿಡದವನು ಭಕ್ತನಲ್ಲವೆಂದು ತೀರ್ಪು ಕೊಡುವ ಅಧಿಕಾರವೂ ತರುಣನಿಗಿಲ್ಲ.

ಈ ಎರಡನೆಯ ಮಾತು ಮಾಹೇಶ್ವರಸ್ಥಲಕ್ಕೆ ಸೇರಿದುದು. ಮಾಹೇಶ್ವರನದು ನಿಷ್ಠಾಭಕ್ತಿ. ವ್ರತ ಹಿಡಿದ ಕೆಲವು ವರ್ಷಗಳಲ್ಲಿ ಮನಸ್ಸು ಗಟ್ಟಿಯಾಗುತ್ತದೆ, ಗಟ್ಟಿಯಾಗಬೇಕಾದುದೂ ಸರಿಯೇ. ಮದುವೆಯ ಊಟದಲ್ಲಿ ಪಾಯಸ ಬಡಿಸುವವನು ಎಲೆಯ ಮುಂದೆ ನಿಂತಾಗ, ನೆಂಟರು ನಕ್ಕಾಗ, ಸಡಿಲು ಮನಸ್ಸಿನ ವ್ರತ ನಿಲ್ಲದು. ಆದರೆ ಇದೇ ಸ್ಥಲದಲ್ಲಿ ಅಪಾಯವೂ ಇದೆ, ಮತ್ತು ಹೆಚ್ಚು ಜನ ವ್ರತಿಗಳು ಜೀವಮಾನವೆಲ್ಲ ಇಲ್ಲಿಯೇ ನಿಂತುಬಿಡುತ್ತಾರೆ. ತನ್ನ ಎಲೆಯನ್ನು ನೋಡಿಕೊಳ್ಳಬೇಕಾದ ಕಣ್ಣು ಪಕ್ಕದವನ ಎಲೆಯನ್ನು ನೋಡತೊಡಗುತ್ತದೆ. ಹಿಂಸೆಯನ್ನು ಬಿಟ್ಟವನು ಮಾತಿನಿಂದ ಹಿಂಸಿಸತೊಡಗುತ್ತಾನೆ. ವ್ರತಾಚಾರವನ್ನು ಕಟ್ಟುನಿಟ್ಟಾಗಿ ಸಾರಿದ ಶರಣೆ ಅಕ್ಕಮ್ಮನವರ ಅಂಕಿತವನ್ನು ಇಲ್ಲಿ ನೆನೆಯಬೇಕು: ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ. ಪ್ರಾಣವಾಯು ಒಳಗೆ ಆಡುವಂತಹುದು. ಉಸಿರಾಡುತ್ತಿದ್ದೇನೆಂದು ಬೀದಿಯಲ್ಲಿ ಸಾರುವವರುಂಟೆ?

ನಮ್ಮ ಪುರಾತನರ ಸಾಲನ್ನೊಮ್ಮೆ ನೋಡಬೇಕು. ಬೇಡನಾದ ಕಣ್ಣಪ್ಪನು ತಾನು ಬೇಟೆಯಾಡಿ ತಂದ ಮಾಂಸವನ್ನೇ ಶಿವನಿಗೆ ಅರ್ಪಿಸಿದನು. ಹರಿಹರನು ಅವನ ಮೇಲೆ ರಗಳೆಯನ್ನೇ ಕಟ್ಟಿದನು. ಇದರಿಂದ ಮಾಂಸಾರ್ಪಣೆಗೆ ಅನುಮತಿ ದೊರೆಯಿತೆಂದು ತಿಳಿಯತಕ್ಕದ್ದಲ್ಲ. ಶಿವನು ನೋಡಿದ್ದು ಕೊಟ್ಟ ಕಣ್ಣನ್ನು. ಮತ್ತೆ, ತೊಗಲನ್ನು ಹದ ಮಾಡುವ ಡೋಹರ ಕಕ್ಕಯ್ಯನವರು, ಪಾದರಕ್ಷೆ ಹೊಲಿಯುವ ಸಮಗಾರ ಹರಳಯ್ಯನವರು ಶರಣಗಣದಲ್ಲಿ ಪೂಜ್ಯರು. ಬಸವಣ್ಣನವರು ಕಕ್ಕಯ್ಯನವರನ್ನು ತಮ್ಮ ಬಂಧುವೆಂದೇ ಹೇಳಿಕೊಂಡರು. ಆದಕಾರಣ ತೊಗಲಿನ ಚಪ್ಪಲಿಯನ್ನು ಬಿಟ್ಟವನು ಆ ಚಪ್ಪಲಿಯನ್ನು ಹೊಲಿದವನ ಎದುರಿಗೆ ಮೂಗು ಮುಚ್ಚಿಕೊಂಡರೆ, ಅವನು ಯಾವ ಧರ್ಮವನ್ನು ಕಾಪಾಡಿದಂತಾಯಿತು? ಶಾಕಾಹಾರವನ್ನು ಜಾತಿಯ ಮೇಲ್ಮೆಗೆ ಗುರುತಾಗಿ ಬಳಸಿದುದು ಈ ನಾಡಿನಲ್ಲಿ ಹಳೆಯ ರೋಗ. ಹೊಸ ವ್ರತಕ್ಕೆ ಅದು ಅಂಟದಿರಲಿ.

ಪೂಜೆಯ ವಿಷಯದಲ್ಲಿ ಹಿರಿಯರಿಗಿರುವ ಸಂದೇಹವನ್ನೂ ಇಲ್ಲಿಯೇ ಪರಿಹರಿಸಬಹುದು. ಪಂಚಾಮೃತವೆಂದರೆ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಐದರಲ್ಲಿ ನಾಲ್ಕು ಜೀವಿಗಳಿಂದ ಬಂದವು. ಇವನ್ನು ಬಿಟ್ಟವನು ಲಿಂಗಾರ್ಚನೆ ಮಾಡುವುದು ಹೇಗೆ? ಕರದಲ್ಲಿರುವ ಇಷ್ಟಲಿಂಗಕ್ಕೆ ಶುದ್ಧೋದಕ, ವಿಭೂತಿ, ಒಂದು ಪತ್ರೆ, ಒಂದು ಹೂವು ಇದ್ದರೆ ಅರ್ಚನೆಗೆ ಲೋಪವಿಲ್ಲ. ಬಡವನ ಮನೆಯಲ್ಲಿ ಎಂದೂ ನಡೆದುಬಂದ ಪೂಜೆ ಅದೇ. ರೇಷ್ಮೆಯ ಮಡಿಯ ಮಾತೂ ಹೀಗೆಯೇ: ಎಳೆ ಕಡಿಯದಂತೆ ನೂಲು ತೆಗೆಯಬೇಕಾದರೆ ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಲ್ಲುವುದು ರೂಢಿಯಲ್ಲಿರುವ ಕ್ರಮ. ಒಗೆದ ಹತ್ತಿಯ ವಸ್ತ್ರವುಟ್ಟು ಕುಳಿತವನ ಪೂಜೆಯನ್ನು ಲಿಂಗವು ಒಲ್ಲೆನ್ನದು.

ಮೂರನೆಯದಾದ ಪ್ರಸಾದಿಸ್ಥಲದಲ್ಲಿ ವ್ರತದ ಸ್ವರೂಪವೇ ಬದಲಾಗುತ್ತದೆ. ಇಲ್ಲಿಯ ಭಕ್ತಿಗೆ ಅವಧಾನವೆಂದು ಹೆಸರು, ಎಂದರೆ ಎಚ್ಚರ. ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಿದಾಗ ಪದಾರ್ಥವು ಪ್ರಸಾದವಾಗುತ್ತದೆಂಬುದು ಶಾಸ್ತ್ರ. ವ್ರತಿಯ ಇಪ್ಪತ್ತು ಮೂವತ್ತು ವರ್ಷಗಳ ನಡಿಗೆಯನ್ನು ಈ ಮೂರರಲ್ಲಿ ಕಾಣಬಹುದು. ಮೊದಮೊದಲು ಅವನು ರೂಪನ್ನು ಮಾತ್ರ ಪರೀಕ್ಷಿಸುತ್ತಾನೆ: ಇದರಲ್ಲಿ ಏನು ಬೆರೆತಿದೆ, ಎಲ್ಲಿಂದ ಬಂದಿತು, ಯಾರ ಮೈಯಿಂದ ಬಂದಿತು. ಹಾಲನ್ನು ಬಿಟ್ಟರೂ ನಾಲಗೆ ಹಾಲಿನ ರುಚಿಯನ್ನು ಬಿಟ್ಟಿರುವುದಿಲ್ಲ. ಅದಕ್ಕೆ ಬದಲು ಹುಡುಕುತ್ತಿರುತ್ತದೆ. ಕ್ರಮೇಣ ಜೋಳದ ರೊಟ್ಟಿ, ಗುರೆಳ್ಳಿನ ಪುಡಿ, ಕಾಳಿನ ಪಲ್ಯ ಇವು ಬದಲು ವಸ್ತುಗಳಾಗಿರದೆ ಊಟವೇ ಆಗುತ್ತವೆ. ತೃಪ್ತಿಯ ಅರ್ಪಣೆ ಎಲ್ಲಕ್ಕಿಂತ ಕಠಿಣ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿದ ಕಥೆ ಮಕ್ಕಳಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದರಲ್ಲಿ ಯಾವ ಜೀವಕ್ಕೂ ನೋವಿಲ್ಲ. ಆದರೂ ಹೆಚ್ಚಿನದು ಬೇಡವೆಂದರು. ಪ್ರಾಣಿಜನ್ಯವಲ್ಲವೆಂಬ ಒಂದೇ ಗುಣಕ್ಕಾಗಿ ದೂರದೇಶದ ಬೆಲೆಯುಳ್ಳ ತಿನಿಸುಗಳಿಂದ ಕಪಾಟು ತುಂಬುವವರು ಲಕ್ಕಮ್ಮನವರ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಎಚ್ಚರವು ಹೆಚ್ಚಿದಷ್ಟೂ ಅಹಂಕಾರವು ಕರಗುವುದೆಂಬುದು ಈ ಸ್ಥಲದ ವಿಶೇಷ. ಉಳುವಾಗ ಹುಳು ಸಾಯುತ್ತದೆ. ಧಾನ್ಯದ ಕಣಜದಲ್ಲಿ ಇಲಿಯನ್ನು ತಡೆಯಬೇಕಾಗುತ್ತದೆ. ಔಷಧದ ಗುಳಿಗೆಗಳ ಹೊದಿಕೆಯನ್ನು ಅನೇಕ ವೇಳೆ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಸರಿಯಿಂದ ಮಾಡಿರುತ್ತಾರೆ. ಹಿಂಸೆಯ ಲೆಕ್ಕವನ್ನು ಸೊನ್ನೆಗೆ ತಂದೆನೆಂದು ಹೇಳಬಲ್ಲ ದೇಹಧಾರಿಯಿಲ್ಲ. ಇದನ್ನು ಕಂಡು ‘ಹಾಗಾದರೆ ವ್ರತವೇ ಬೇಡ’ ಎನ್ನುವವನು ಸೋಮಾರಿ. ಕಂಡ ಮೇಲೆ ಮೆತ್ತಗಾಗುವವನು ಪ್ರಸಾದಿ. ದೇಹವನ್ನು ಕೃಶಗೊಳಿಸುವುದೂ ವ್ರತದ ಅಂಗವಲ್ಲ. ಬಿ ೧೨ ಎಂಬ ಜೀವಸತ್ವವು ಸಸ್ಯಾಹಾರದಿಂದ ದೇಹಕ್ಕೆ ಸಾಕಷ್ಟು ದೊರೆಯದಾದ್ದರಿಂದ ಹಾಲನ್ನೂ ಬಿಟ್ಟವರು ಅದನ್ನು ಮಾತ್ರೆಯ ರೂಪದಲ್ಲಿಯಾಗಲಿ, ಸೇರಿಸಿದ ಆಹಾರದಲ್ಲಿಯಾಗಲಿ ಪಡೆಯಲೇಬೇಕು. ಸುಣ್ಣದಂಶಕ್ಕೆ ರಾಗಿ, ಎಳ್ಳುಗಳಿವೆ. ಬೆಳೆಯುವ ಮಕ್ಕಳು, ಬಸುರಿಯರು, ಮುದುಕರು ವೈದ್ಯರನ್ನು ಕೇಳದೆ ಇಂತಹ ನಿಯಮವನ್ನು ಹಿಡಿಯತಕ್ಕದ್ದಲ್ಲ. ಕಾಯವು ಕೆಟ್ಟರೆ ಕಾಯಕವೂ ಕೆಡುತ್ತದೆ.

ವೃದ್ಧಾಪ್ಯದಲ್ಲಿ ಬೇರೊಂದು ಪರೀಕ್ಷೆ ಬರುತ್ತದೆ. ಅಲ್ಲಿಯವರೆಗೆ ತನ್ನ ಅಡಿಗೆಯನ್ನು ತಾನೇ ಆರಿಸಿಕೊಂಡವನು ಹಾಸಿಗೆ ಹಿಡಿದು ಸೊಸೆಯ ಕೈ ನೋಡಬೇಕಾಗುತ್ತದೆ. ಅವಳು ಮರೆತು ಗಂಜಿಗೆ ಒಂದು ಸೌಟು ಮಜ್ಜಿಗೆ ಬೆರೆಸಿ ತಂದಿಟ್ಟರೆ ಅವನು ಏನು ಮಾಡಬೇಕು? ಇಪ್ಪತ್ತೈದರ ವಯಸ್ಸಿನಲ್ಲಾದರೆ ಬಟ್ಟಲನ್ನು ಸರಿಸಿ ನಾಲ್ಕು ಮಾತು ಆಡುತ್ತಿದ್ದನು. ಈಗ ‘ಇದು ಮಗುವಿಗಿರಲಿ ತಾಯೀ, ನನಗೆ ಬರೀ ಗಂಜಿ ತಾ’ ಎನ್ನುತ್ತಾನೆ. ಅವಳ ಮುಖ ಬಾಡದು, ವ್ರತವೂ ಕೆಡದು. ಬಟ್ಟಲು ಸರಿಸಿದ್ದು ಎರಡು ಸಲವೂ ಒಂದೇ ಬಗೆಯದು. ನಡುವಣ ವರ್ಷಗಳಲ್ಲಿ ಬೆಳೆದುದು ದಯೆ.

ಮುಂದಿನ ಸ್ಥಲಗಳನ್ನು ಕುರಿತು ಹೆಚ್ಚು ಬರೆಯುವುದು ಅನುಭಾವಿಗಳಿಗೆ ಬಿಟ್ಟ ವಿಷಯ. ಪ್ರಾಣಲಿಂಗಿಗೆ ತನ್ನೊಳಗಿನ ಪ್ರಾಣವೂ ಕರುವಿನೊಳಗಿನ ಪ್ರಾಣವೂ ಒಂದೇ ಲಿಂಗದ ಚೈತನ್ಯವಾಗಿ ತೋರುವುದರಿಂದ ನಿಯಮವನ್ನು ನೆನಪಿಟ್ಟುಕೊಳ್ಳುವ ಶ್ರಮವೂ ಅವನಿಗಿರುವುದಿಲ್ಲ. ಶರಣನಿಗೆ ಅದು ಆನಂದ. ಸ್ಥಲಗಳನ್ನು ಶಾಲೆಯ ತರಗತಿಗಳಂತೆ ಒಂದಾದ ಮೇಲೊಂದು ತೇರ್ಗಡೆಯಾಗುವ ಮೆಟ್ಟಿಲುಗಳೆಂದು ತಿಳಿಯುವವರುಂಟು, ಅದು ಸರಿಯಲ್ಲ. ಒಂದೊಂದು ಸ್ಥಲದಲ್ಲಿಯೂ ಉಳಿದ ಐದೂ ಅಡಗಿವೆ. ಎಂಬತ್ತರ ಮುದುಕನಲ್ಲಿ ಭಕ್ತನ ಮೊದಲ ದಿನದ ಶ್ರದ್ಧೆ ಹಾಗೆಯೇ ಇರುತ್ತದೆ, ಇರಬೇಕು.

ಇನ್ನು ಐಕ್ಯ. ವೀರಶೈವನ ದೇಹವನ್ನು ಸುಡುವುದಿಲ್ಲ. ವಿಭೂತಿಯೊಡನೆ, ಪತ್ರೆಯೊಡನೆ, ಲಿಂಗದೊಡನೆ ಕುಳ್ಳಿರಿಸಿ ಮಣ್ಣಿಗೆ ಕೊಡುತ್ತಾರೆ. ಬದುಕಿರುವವರೆಗೆ ಯಾವ ಜೀವದ ಮೈಯಿಂದಲೂ ಏನನ್ನೂ ಕಸಿಯೆನೆಂದು ನಡೆದವನ ಮೈಯಲ್ಲಿ ಉಳಿದುದೆಲ್ಲವೂ ಆ ಮಣ್ಣಿನ ಜೀವಿಗಳಿಗೆ ಆಹಾರವಾಗುತ್ತದೆ. ಮೇಲೆ ಗರಿಕೆ ಹುಟ್ಟುತ್ತದೆ, ಆ ಗರಿಕೆಯನ್ನು ಊರ ಕರುಗಳು ಮೇಯುತ್ತವೆ.