‘ಜೀವ ಬ್ಯಾಸರಾಗೇದ’ ಅಂದಾಗ

ತಂಗಿ, ನಿನ್ನೆ ನೀನು ಬಂದು ಹೊಸ್ತಿಲ ಮೇಲೇ ಕೂತೆ. ಅರ್ಧ ಮಾತಾಡಿ, ‘ಅವ್ವನ ಗುಳಿಗೆ ಹೊತ್ತಾತು ಅಕ್ಕೋರೆ’ ಅಂತ ಎದ್ದು ಹೋದೆ. ಹೇಳದೆ ಉಳಿದ ಇನ್ನರ್ಧ ರಾತ್ರಿಯೆಲ್ಲ ನನ್ನ ಕಿವಿಯಲ್ಲೇ ಇತ್ತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಅವ್ವ ಮಲಗಿದ ಮೇಲೆ ಓದು.

ನಿಮ್ಮಪ್ಪ ಲೋಕಲ್‌ನಿಂದ ಬಿದ್ದದ್ದು ದಿವಾ ಮತ್ತು ಮುಂಬ್ರಾ ಸ್ಟೇಷನ್‌ಗಳ ನಡುವಿನ ಅದೇ ತಿರುವಿನಲ್ಲಿ. 2025ರ ಜೂನ್ 9ರ ಬೆಳಿಗ್ಗೆ ಎದುರುಬದುರು ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಿದ್ದ 13 ಮಂದಿ ಅಲ್ಲಿ ಉರುಳಿದರು, ನಾಲ್ವರು ಅಂದೇ ಹೋದರು. ಆಗ ಊರೆಲ್ಲ ಅದೇ ಮಾತು. ನಿಮ್ಮಪ್ಪ ಬಿದ್ದದ್ದು ಒಬ್ಬರೇ, ಪೇಪರಿನಲ್ಲಿ ಹೆಸರೂ ಬರಲಿಲ್ಲ. ಆದರೆ ನಿಮ್ಮ ಮನೆಯಿಂದ ಅವತ್ತು ಹೋದವರು ಇಬ್ಬರು. ಒಬ್ಬರು ಅಪ್ಪ. ಇನ್ನೊಬ್ಬರೂ ಅವರೇ, ಹನ್ನೊಂದು ವರ್ಷ ದಿನಾ ಊಟವಾದ ಮೇಲೆ ಅವ್ವನ ಅಂಗೈಗೆ ಗುಳಿಗೆ ಇಟ್ಟು, ನುಂಗುವತನಕ ಎದುರಿಗೆ ಕೂಡುತ್ತಿದ್ದವರು. ಈ ಎರಡನೆಯವರೂ ಹೋದರೆಂಬುದು ಮಣ್ಣಿಗೆ ಬಂದ ನೆಂಟರ ಗಮನಕ್ಕೇ ಬರಲಿಲ್ಲ.

ಊರಿಂದ ಬಂದವರೆಲ್ಲ ಆ ಒಂದೇ ಖೋಲಿಯಲ್ಲಿ. ದೀಪ ಆರಲಿಲ್ಲ, ಅಳು ನಿಲ್ಲಲಿಲ್ಲ. ಅವ್ವ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಗುಳಿಗೆ ಡಬ್ಬಿ ಯಾರದೋ ಚೀಲದ ಕೆಳಗೆ ಸೇರಿತು. ಐದನೆಯ ದಿನ ಅವಳು ಹಾಡತೊಡಗಿದಳು, ಹಸಿರು ಬಳೆ ಬೇಕೆಂದಳು. ‘ಗಂಡ ಸತ್ತು ವಾರ ಆಗಿಲ್ಲ, ಇದೆಂಥಾ ಹೆಣ್ಣು’ ಅಂತ ನಿನ್ನ ಅತ್ತಿ ಅಂದ ಮಾತು ನಿನ್ನ ಎದೆಯಲ್ಲಿ ಮುಳ್ಳಾಗಿ ನಿಂತಿದೆ, ನನಗೆ ಗೊತ್ತು. ಕಿತ್ತು ಒಗೆ ಅದನ್ನು. ಅವ್ವನಂತೆ ಬೈಪೋಲಾರ್ ಇದ್ದವರಿಗೆ ನಿದ್ದೆಗೆಟ್ಟರೆ ಉನ್ಮಾದ ಏರಬಹುದು. ಸಾವಿನ ಬೆನ್ನಿಗೇ ಹೀಗೆ ಏರುವುದನ್ನು ಮನೋವೈದ್ಯರು ಕಂಡಿದ್ದಾರೆ. ಅವಳಿಗೆ ಗಂಡನ ಮೇಲೆ ಮಾಯೆ ಇರಲಿಲ್ಲ ಅಂತ ಅದರಿಂದ ಯಾರೂ ಲೆಕ್ಕ ಹಾಕಬಾರದು.

ಈಗ ಉಲ್ಟಾ ನಡೆದಿದೆ. ಅವ್ವ ಅತ್ತರೆ ‘ಕಾಯಿಲೆ ಏರಿತು’ ಅನ್ನುತ್ತೀರಿ. ಸಂಜೆ ಅಪ್ಪನ ತಾಟು ಇಟ್ಟಳು ಅಂತ ಗುಳಿಗೆ ಹೆಚ್ಚಿಸಲು ಕೇಳಬೇಕೇ ಅಂದೆ. ಬೇಡ. ಇಪ್ಪತ್ತಾರು ವರ್ಷ ಇಟ್ಟ ತಾಟು ಅದು. ಕಾಯಿಲೆಯವಳಾದರೂ ಅವಳು ಗಂಡನನ್ನು ಕಳಕೊಂಡವಳೇ. ಅಳಲಿ, ನೀನೂ ಪಕ್ಕದಲ್ಲಿ ಕೂತು ಅಳು. ಆದರೆ ಎರಡು ರಾತ್ರಿ ನಿದ್ದೆ ಕೆಟ್ಟಿತು, ಮಾತು ಓಡತೊಡಗಿತು, ದುಡ್ಡು ಹಂಚತೊಡಗಿದಳು ಅಂದರೆ ಮೂರನೆಯ ರಾತ್ರಿಗೆ ಕಾಯದೆ ಡಾಕ್ಟರಿಗೆ ತೋರಿಸು.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ನನಗೆ ಹದಿನಾರಾದಾಗ ನಮ್ಮ ಅವ್ವನಿಗೂ ಇದೇ ಕಾಯಿಲೆ ಬಂದಿತ್ತು. ಅಪ್ಪ ತೀರಿದಾಗ, ಕೇಳಿದರೆ ಹೆಚ್ಚಾದೀತು ಅಂತ ಎರಡು ತಿಂಗಳು ಅವಳಿಂದ ಮುಚ್ಚಿಟ್ಟೆವು. ಸಂಜೆಯಾದರೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೊನೆಗೆ ನಾನೇ ಹೇಳಿದೆ. ಅವಳು ಚೀರಲಿಲ್ಲ. ‘ಅವರಿಗೆ ಕಡೀ ಸ್ನಾನ ಯಾರು ಮಾಡಿಸಿದ್ರು?’ ಅಂತ ಒಂದೇ ಕೇಳಿದಳು. ನೀವು ನಿಮ್ಮ ಅವ್ವನನ್ನು ಮಣ್ಣಿಗೆ ಕರೆದೊಯ್ದಿರಿ. ಅಷ್ಟು ಮಾಡಿದಿರಲ್ಲ, ಅದು ದೊಡ್ಡದು.

ನಮ್ಮ ಕಡೆ ಯಾರನ್ನಾದರೂ ಹೀಗಳೆಯಬೇಕಾದರೆ ‘ಧಾರವಾಡಕ್ಕೆ ಕಳಸ್ರಿ’ ಅನ್ನುತ್ತಾರೆ, ಇಲ್ಲಿ ‘ಥಾಣೆಗೆ’ ಅನ್ನುತ್ತಾರೆ. ಥಾಣೆಯ ಮನೋರುಗ್ಣಾಲಯ 1901ರಿಂದ ಇದೆ. ಅಲ್ಲಿ ಹೊರರೋಗಿಯಾಗಿ ತೋರಿಸಿ ಗುಳಿಗೆ ತಗೊಂಡು ಅದೇ ಸಂಜೆ ಮನೆಗೆ ಬಂದು ರೊಟ್ಟಿ ಬಡಿಯುವವರು ಎಷ್ಟೋ ಜನ. ಹೆಸರಿಗೆ ಹೆದರಬೇಡ. ದೂರವಾದರೆ ಮುಂಬ್ರಾದಿಂದ ಒಂದೇ ಸ್ಟೇಷನ್ ಆಚೆ ಕಲ್ವಾದಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜಿನದು.

ಆದರೆ ಡಾಕ್ಟರ ಮುಂದೆ ಅವ್ವನ ಮಾತನ್ನು ಹಿಂದಿಗೆ ತಿರುಗಿಸುವವಳು ನೀನೇ ಅಲ್ಲವೇ? ಅಲ್ಲೇ ನನಗೆ ಭಯ. ಅವಳು ‘ಜೀವ ಬ್ಯಾಸರಾಗೇದ’ ಅಂದಳು, ನೀನು ‘ಬೋರ್ ಹೋ ರಹಾ ಹೈ’ ಅಂದೆ. ಡಾಕ್ಟರು ತಲೆಯಾಡಿಸಿ ಮುಂದಿನವರನ್ನು ಕರೆದರು. ನಮ್ಮ ಮಾತಿನಲ್ಲಿ ಜೀವ ಬ್ಯಾಸರಾಗುವುದೆಂದರೆ ಬದುಕೇ ಸಾಕಾಗುವುದು. ಹೆತ್ತವಳ ಬಾಯಿಂದ ಬಂದದ್ದನ್ನು ಮಗಳ ನಾಲಿಗೆ ತನಗೇ ತಿಳಿಯದೆ ಮೆತ್ತಗೆ ಮಾಡುತ್ತದೆ, ನಾನೂ ಮಾಡಿದ್ದೆ. ಮುಂದಿನ ಸಲ ಅವಳು ಅಂದದ್ದನ್ನೇ ಹೇಳು: ‘ಬದುಕೇ ಸಾಕಾಗಿದೆ ಅನ್ನುತ್ತಿದ್ದಾಳೆ’ ಅಂತ. ಸಾಯುವ ಯೋಚನೆ ಬರುತ್ತದೆಯೇ ಅಂತ ಅವಳನ್ನೂ ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವುದು ಸುಳ್ಳು. ಅಪರಾತ್ರಿ ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿಮಾನಸ್ ಅಂತ, ಸರ್ಕಾರ 2022ರಲ್ಲಿ ಶುರುಮಾಡಿದ್ದು, ದುಡ್ಡಿಲ್ಲ, ಹಗಲುರಾತ್ರಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವ್ವ ತನ್ನ ಮಾತಿನಲ್ಲೇ ಹೇಳಿಕೊಳ್ಳಲಿ, ನಡುವೆ ನೀನು ಬೇಡ.

ಗುಳಿಗೆಯದೊಂದು. ಲಿಥಿಯಂ ನಡೆದಿರುವಾಗ ಉಪವಾಸ, ಉಪ್ಪು ಬಿಡುವುದು, ನೀರು ಕಡಿಮೆ ಮಾಡುವುದು ಕೂಡದು, ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷವಾದೀತು. ಈ ಸಲದ ಸೋಮವಾರದ ಉಪವಾಸಗಳನ್ನು ನಿನ್ನ ಅತ್ತಿಯೇ ಹಿಡಿಯಲಿ. ವಾಂತಿ, ಕೈನಡುಕ, ತೂರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ. ರಕ್ತಪರೀಕ್ಷೆ ತಪ್ಪಿಸಬೇಡ. ಮಣ್ಣಿನ ದಿನಗಳಲ್ಲಿ ಬಿಟ್ಟುಹೋದ ಗುಳಿಗೆಯನ್ನು ನೀವೇ ಲೆಕ್ಕಹಾಕಿ ಶುರುಮಾಡಬೇಡಿ, ಡಾಕ್ಟರನ್ನೇ ಕೇಳಿ.

ಅವ್ವ ತಿಳಿಯಾಗಿರುವ ದಿನ ಇನ್ನೊಂದು ಕೆಲಸ ಮಾಡಿಕೋ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ತನ್ನ ಪರವಾಗಿ ಮಾತಾಡುವ ಪ್ರತಿನಿಧಿ ಯಾರೆಂದು ಅವಳೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಕೊಡಬಹುದು, ಹೆಬ್ಬೆಟ್ಟೂ ನಡೆಯುತ್ತದೆ. ನಿನ್ನ ಹೆಸರೋ ಕಾಕಾನದೋ ಅವಳೇ ಆರಿಸಲಿ.

ರೈಲ್ವೆಯ ಪರಿಹಾರ ₹8 ಲಕ್ಷ. ಮುಂಬೈಯ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಪ್ಪನ ಪಾಸು ಸಿಗಲಿಲ್ಲ ಅಂತ ಕೈಬಿಡಬೇಡ. ಟಿಕೆಟ್ ಸಿಗದ ಮಾತ್ರಕ್ಕೆ ಪ್ರಯಾಣಿಕನಲ್ಲ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ರೈಲ್ವೆ ಪೊಲೀಸರ ಪಂಚನಾಮೆಯ ಪ್ರತಿ ಈ ವಾರವೇ ತಗೋ.

ನಿನ್ನ ತಮ್ಮ ಡೊಂಬಿವಲಿಗೆ ಹೋಗುವಾಗ ಆ ತಿರುವು ಬಂದರೆ ಕಣ್ಣು ಮುಚ್ಚುತ್ತಾನಂತೆ. ಮುಚ್ಚಲಿ. ‘ಗಂಡಸಾಗು’ ಅಂತ ಮಾತ್ರ ಯಾರೂ ಅನ್ನದಂತೆ ನೋಡಿಕೋ.

ಇನ್ನು ನಿನ್ನೆ ನೀನು ನುಂಗಿದ ಮಾತು. ‘ನನಗೂ ಬರ್ತದೇನ್ರಿ?’ ಅಂತ ಅಲ್ಲವೇ? ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಸುಳ್ಳು ಹೇಳಲಾರೆ. ಆದರೆ ಅಂಥ ಮಕ್ಕಳಲ್ಲಿ ಬಹಳ ಮಂದಿಗೆ ಬರುವುದೇ ಇಲ್ಲ. ನಾನೂ ಮೂವತ್ತಾಗುವತನಕ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೇ ದಿನ ದೂಡಿದವಳು. ಈಗ ನನಗೆ 71. ಮಕ್ಕಳಿಗೆ ಪಾಠ ಹೇಳಿದೆ, ಸಂಸಾರ ಮಾಡಿದೆ, ಆ ಭಯಕ್ಕೆ ಕೊಟ್ಟ ವರ್ಷಗಳಿಗಾಗಿ ಇವತ್ತಿಗೂ ಮರುಗುತ್ತೇನೆ.

ಭಾನುವಾರ ಅವ್ವನನ್ನು ನನ್ನ ಹತ್ತಿರ ಬಿಡು. ಇಬ್ಬರೂ ಸೊಪ್ಪು ಸೋಸುತ್ತ ನಿಮ್ಮಪ್ಪನ ಮಾತಾಡುತ್ತೇವೆ. ನೀನು ತಮ್ಮನ ಜೊತೆ ಎಲ್ಲಿಗಾದರೂ ಹೋಗು, ಬೇಗ ಬರಬೇಡ. ಡಬ್ಬಿ ಕೊಟ್ಟು ಹೋಗು, ರಾತ್ರಿಯ ಗುಳಿಗೆ ನಾನೇ ಕೊಡುತ್ತೇನೆ.